ನಲವತ್ತು ಕಿಲೋಮೀಟರ್ ಆಳ ಅಳೆದವರಿಗೆ ನಮ್ಮ ಬೋರಿನ ನೀರು ಯಾಕೆ ಕಾಣಲಿಲ್ಲ?

ಪ್ರಶ್ನೆ: ನಮ್ಮದು ಮಡಕಶಿರಾದ ಹತ್ತಿರ, ಅಮರಾಪುರದ ಕಡೆ. 1970ರ ದಶಕದಲ್ಲಿ ಜೀಪು, ಲಾರಿಗಳಲ್ಲಿ ಒಂದು ತಂಡ ಬಂದಿತ್ತಂತೆ. ನೆಲಕ್ಕೆ ತೂತು ಕೊರೆದು ಮದ್ದು ಸಿಡಿಸಿ, ಮೈಲುಗಟ್ಟಲೆ ವೈರು ಎಳೆದು ಏನೋ ಅಳೆದರು ಎಂದು ನಮ್ಮಪ್ಪ ಹೇಳುತ್ತಾರೆ. ಜೊತೆಗೆ ರಷ್ಯಾದವರೂ ಇದ್ದರಂತೆ. ನಲವತ್ತು ಕಿಲೋಮೀಟರ್ ಆಳದವರೆಗೆ ನೋಡಿದರು ಎಂಬ ಮಾತೂ ಇದೆ. ಕೊರೆಯದೆ ಅಷ್ಟು ಆಳ ಹೇಗೆ ಗೊತ್ತಾಗುತ್ತದೆ? ಕಡಪದ ಕೆಳಗೆ ದೊಡ್ಡ ದೊಡ್ಡ ಬಿರುಕುಗಳಿವೆ ಅಂತಾರೆ, ಅದರಿಂದ ನಮಗೆ ಅಪಾಯವೇ? ಆ ಸ್ಫೋಟಗಳಿಂದಲೇ ನಮ್ಮ ಬಾವಿ ಬತ್ತಿತು ಎಂದು ಅಪ್ಪನಿಗೆ ಅನುಮಾನ. ಕೊನೆಯದಾಗಿ, ಅಷ್ಟು ಆಳ ಕಂಡವರಿಗೆ ಸಾವಿರ ಅಡಿಯೊಳಗಿನ ನೀರು ಯಾಕೆ ಕಾಣುವುದಿಲ್ಲ?

ಉತ್ತರ: ನಿಮ್ಮ ತಂದೆಯವರ ನೆನಪು ಸರಿಯಾಗಿದೆ. 1972ರಿಂದ 1975ರ ನಡುವೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐ, ನೆಲ್ಲೂರು ಜಿಲ್ಲೆಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಒಂದು ಸರ್ವೆ ಮಾಡಿತು. ಪೂರ್ವದ ಸಮುದ್ರದ ದಡದಿಂದ ಪಶ್ಚಿಮದ ಸಮುದ್ರದ ದಡಕ್ಕೆ ಸುಮಾರು 600 ಕಿ.ಮೀ. ಭಾರತದಲ್ಲಿ ಭೂಕವಚದ, ಅಂದರೆ ಭೂಮಿಯ ಹೊರಚಿಪ್ಪಿನ, ತಳದವರೆಗೆ ಅಳೆದ ಇಂಥ ಕೆಲಸ ಅದೇ ಮೊದಲು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಕಾವಲಿಗೂ ಉಡುಪಿಗೂ ಗೆರೆ ಎಳೆದು ನೋಡಿ. ಅದು ನಿಮ್ಮ ಸೀಮೆಯ ಮೇಲೇ ಹಾಯುತ್ತದೆ. ಸರ್ವೆಯ ಮುಂದಾಳು ಕೆ. ಎಲ್. ಕೈಲಾ. ರಷ್ಯಾದವರು ಎಂದು ಊರವರು ಕರೆದದ್ದು ಸೋವಿಯತ್ ಒಕ್ಕೂಟದ ತಜ್ಞರನ್ನು. ಸೊಲೊಗುಬ್, ಚೆಕುನೊವ್ ಮುಂತಾದ ಅವರು ಕೀವ್ ನಗರದ ಭೂಭೌತ ಸಂಸ್ಥೆಯವರು. ಇವತ್ತಿನ ಲೆಕ್ಕದಲ್ಲಿ ಉಕ್ರೇನಿನವರು.

ಆದರೆ ‘ನೋಡಿದರು’ ಎಂದು ನೀವು ಬರೆದಿದ್ದೀರಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅವರು ಏನನ್ನೂ ನೋಡಲಿಲ್ಲ. ಅವರು ಅಳೆದದ್ದು ಸಮಯವನ್ನು ಮಾತ್ರ. ಇಲ್ಲಿ ಮದ್ದು ಸಿಡಿಯಿತು, ಅಲ್ಲಿ ನೆಲ ಎಷ್ಟು ಸೆಕೆಂಡಿನ ಮೇಲೆ ನಡುಗಿತು, ಇಷ್ಟೇ. ಆಳ, ಬಂಡೆಯ ಜಾತಿ, ಫಾಲ್ಟು (ಬಂಡೆ ಸೀಳಿ ಜಾರಿದ ಬಿರುಕು) ಎಲ್ಲವೂ ಆ ಸೆಕೆಂಡುಗಳಿಂದ ಲೆಕ್ಕ ಹಾಕಿ ತೆಗೆದ ಉತ್ತರಗಳು. ಕೆಲವು ಉತ್ತರಗಳು ಗಟ್ಟಿ, ಕೆಲವು ಅಷ್ಟು ಗಟ್ಟಿಯಲ್ಲ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಇರುವುದು ಈ ವ್ಯತ್ಯಾಸದಲ್ಲೇ.

ಮೊದಲು ಕೆಲಸದ ರೀತಿ ಹೇಳುತ್ತೇನೆ. ನೆಲದಲ್ಲಿ ಹತ್ತಾರು ಅಡಿ ಆಳದ ರಂಧ್ರ ಕೊರೆದು ಸ್ಫೋಟಕ ಇಳಿಸಿ, ಮೇಲೆ ಮಣ್ಣು ತುಂಬಿ ಸಿಡಿಸುತ್ತಾರೆ. ರಂಧ್ರದ ತಳ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಒಣ ಮಣ್ಣಿನಲ್ಲಿ ಶಕ್ತಿ ಸುಮ್ನೆ ಧೂಳೆಬ್ಬಿಸಿ ಹೋಗಿಬಿಡುತ್ತದೆ, ಒದ್ದೆ ನೆಲದಲ್ಲಿ ಬಂಡೆಗೆ ಇಳಿಯುತ್ತದೆ. ನಿಮ್ಮ ತಂದೆಯವರು ಕಂಡ ವೈರಿಗೆ ಉದ್ದಕ್ಕೂ ಜಿಯೋಫೋನುಗಳನ್ನು ಸಿಕ್ಕಿಸಿರುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ, ಕೆಳಗೆ ನೆಲಕ್ಕೆ ಚುಚ್ಚಲು ಮೊಳೆ. ಒಳಗೆ ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಒಂದು ಸ್ಪ್ರಿಂಗ್. ನೆಲ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದು ಲಾರಿಯಲ್ಲಿರುವ ಯಂತ್ರದಲ್ಲಿ ದಾಖಲಾಗುತ್ತದೆ. ನೂರು ಕಿಲೋಮೀಟರ್ ಆಚೆ ಸಿಡಿದ ಮದ್ದಿನ ನಡುಕ ಎಷ್ಟು ಸೂಕ್ಷ್ಮ ಎಂದರೆ, ಹತ್ತಿರದಲ್ಲಿ ಎತ್ತಿನ ಗಾಡಿ ಹೋದರೂ ದಾಖಲೆ ಕೆಡುತ್ತದೆ. ಗಾಳಿಗೆ ಮರ ಅಲ್ಲಾಡಿದರೆ ಬೇರಿನಿಂದ ಬರುವ ಅಲುಗಾಟವೂ ಗದ್ದಲವೇ.

ಈಗ ಆಳಕ್ಕೆ ಬರೋಣ. ಬಂಡೆ ಬದಲಾದಂತೆ ಅಲೆಯ ವೇಗ ಬದಲಾಗುತ್ತದೆ. ಒಣ ಮಣ್ಣಿನಲ್ಲಿ ಸೆಕೆಂಡಿಗೆ ಅರ್ಧ ಕಿ.ಮೀ. ಆಸುಪಾಸು. ನಿಮ್ಮ ಕಡೆಯ ಗಟ್ಟಿ ಗ್ರಾನೈಟಿನಲ್ಲಿ ಸುಮಾರು 6 ಕಿ.ಮೀ. ಭೂಕವಚದ ಕೆಳಭಾಗದಲ್ಲಿ 7ರ ಹತ್ತಿರ. ಅದನ್ನು ದಾಟಿ ಅದರಡಿಯ ಮ್ಯಾಂಟಲ್ ಎಂಬ ಪದರ ಮುಟ್ಟಿದರೆ ಒಮ್ಮೆಲೇ 8ಕ್ಕಿಂತ ಜಾಸ್ತಿ. ಈ ಜಿಗಿತವನ್ನು ಮೊದಲು ಗುರುತಿಸಿದವನು ಕ್ರೊಯೇಷಿಯಾದ ಆಂಡ್ರಿಯಾ ಮೊಹೊರೊವಿಚಿಚ್, 1909ರ ಒಂದು ಭೂಕಂಪದ ದಾಖಲೆಗಳಲ್ಲಿ. ಹೆಸರು ಉದ್ದವಾಯಿತು ಎಂದು ಎಲ್ಲರೂ ಆ ಗಡಿಯನ್ನು ಮೋಹೋ ಎನ್ನುತ್ತಾರೆ. ಭೂಕವಚ ಮುಗಿಯುವುದು ಅಲ್ಲಿ.

ಅಮರಾಪುರದಿಂದ ಪಕ್ಕದ ಊರಿಗೆ ಹೋಗಲು ಹಳ್ಳಿ ರಸ್ತೆಯೇ ಸಾಕು. ಬೆಂಗಳೂರಿಗಾದರೆ ಸುತ್ತಾದರೂ ಶಿರಾಕ್ಕೆ ಬಂದು ಹೈವೇ ಹಿಡಿಯುತ್ತೀರಿ, ಯಾಕೆಂದರೆ ದೂರ ಜಾಸ್ತಿ ಇದ್ದಾಗ ವೇಗದ ರಸ್ತೆಯೇ ಗೆಲ್ಲುತ್ತದೆ. ಅಲೆಗಳ ಲೆಕ್ಕವೂ ಅಷ್ಟೇ. ಹತ್ತಿರದ ಜಿಯೋಫೋನಿಗೆ ಮೊದಲು ಮುಟ್ಟುವುದು ಮೇಲ್ಪದರದಲ್ಲೇ ಬಂದ ಅಲೆ. ತುಂಬ ದೂರದ್ದಕ್ಕೆ ಮೊದಲು ಮುಟ್ಟುವುದು ಕೆಳಗಿಳಿದು, ಮ್ಯಾಂಟಲಿನ ಮೇಲಂಚಿನಲ್ಲಿ ಓಡಿ, ಮತ್ತೆ ಮೇಲೆದ್ದ ಅಲೆ. ಯಾವ ದೂರದಲ್ಲಿ ಇದು ಅದನ್ನು ಹಿಂದೆ ಹಾಕುತ್ತದೆ ಎಂದು ಗೊತ್ತಾದರೆ ಆಳ ಸಿಕ್ಕಿಬಿಡುತ್ತದೆ. ಭೂಕವಚದ ಸರಾಸರಿ ವೇಗ 6.3, ಮ್ಯಾಂಟಲಿನದು 8.1, ಆಳ 36 ಕಿ.ಮೀ. ಎಂದಿಟ್ಟುಕೊಂಡರೆ ಆ ದೂರ ಸುಮಾರು 200 ಕಿ.ಮೀ. ಬರುತ್ತದೆ. ಒಂದು ಗುಂಡಿಯಲ್ಲಿ ಮದ್ದು ಸಿಡಿಸಿ ಜಿಲ್ಲೆ ದಾಟಿ ವೈರು ಎಳೆಯುವುದು ಯಾಕೆ ಎಂಬುದು ಈಗ ಗೊತ್ತಾಯಿತಲ್ಲ. ಇದು ವಕ್ರೀಭವನದ ದಾರಿ.

ಇನ್ನೊಂದು ದಾರಿ ಪ್ರತಿಫಲನ. ಅಲೆ ನೇರ ಕೆಳಗೆ ಹೋಗಿ ಮೋಹೋಗೆ ತಾಗಿ ಹಿಂದೆ ಬರಲು ಇದೇ ಲೆಕ್ಕದಲ್ಲಿ ಹನ್ನೊಂದೂವರೆ ಸೆಕೆಂಡು ಸಾಕು. ತೊಂದರೆ ಏನೆಂದರೆ, ನೇರ ಹಿಂದಿರುಗುವ ಅಲೆ ಬಹಳ ಸಪ್ಪೆ. ಓರೆಯಾಗಿ ತಾಗಿ ಬರುವ ಅಲೆ ಜೋರಾಗಿರುತ್ತದೆ. ಸುಮಾರು 90 ಕಿ.ಮೀ. ದೂರದಿಂದಾಚೆ ಅದು ದಾಖಲೆಯಲ್ಲಿ ಎದ್ದು ಕಾಣುತ್ತದೆ. ಕಾವಲಿ–ಉಡುಪಿ ಸಾಲಿನಲ್ಲಿ ಆಳದ ಲೆಕ್ಕ ಹೆಚ್ಚಾಗಿ ನಿಂತಿರುವುದು ಇಂಥ ಅಲೆಗಳ ಮೇಲೆ.

ಸಿಕ್ಕ ಉತ್ತರ: ಆ ಸಾಲಿನ ಉದ್ದಕ್ಕೂ ಮೋಹೋ ಸುಮಾರು 34ರಿಂದ 41 ಕಿ.ಮೀ. ಆಳದಲ್ಲಿದೆ. ನಿಮ್ಮೂರಿನವರು ಹೇಳುವ ನಲವತ್ತು ಇಲ್ಲಿಂದ ಬಂದದ್ದು. ಮುಂದೆ ಮದ್ದೇ ಇಲ್ಲದೆ, ದೂರದೇಶದ ಭೂಕಂಪಗಳನ್ನು ಕಾದು ಕುಳಿತು ಅಳೆಯುವ ವಿಧಾನ ಬಂತು. ದೂರದಿಂದ ಬಂದ ಅಲೆ ಮೋಹೋ ದಾಟುವಾಗ ಅದರ ಒಂದು ಪಾಲು ನಿಧಾನದ ಅಲೆಯಾಗಿ ಬದಲಾಗಿ ನಾಲ್ಕೂ ಚಿಲ್ಲರೆ ಸೆಕೆಂಡು ತಡವಾಗಿ ಮೇಲೆ ಬರುತ್ತದೆ. ಆ ತಡದಿಂದ ಆಳ. ಹೀಗೆ ಅಳೆದಾಗ ನಿಮ್ಮ ಕಡೆಯನ್ನೂ ಸೇರಿಸಿ ಭೂವಿಜ್ಞಾನಿಗಳು ಪೂರ್ವ ಧಾರವಾಡ ಎಂದು ಕರೆಯುವ ಭಾಗದಲ್ಲಿ ಭೂಕವಚ 35 ಕಿ.ಮೀ. ಆಸುಪಾಸು ಬಂತು. ಪಶ್ಚಿಮ ಧಾರವಾಡ ಭಾಗದಲ್ಲಿ 40ರಿಂದ 50 ಕಿ.ಮೀ. ಇದು ನನಗೆ ಇವತ್ತಿಗೂ ಕುತೂಹಲದ ವಿಷಯ. ಅಲ್ಲಿ ಎತ್ತರದ ಹಿಮಾಲಯವೇನೂ ಇಲ್ಲ, ಬಂಡೆಯಂತೂ ಮುನ್ನೂರು ಕೋಟಿ ವರ್ಷದಷ್ಟು ಹಳೆಯದು, ಆದರೂ ಬುಡ ಅಷ್ಟು ದಪ್ಪ ಉಳಿದಿದೆ. ಎರಡು ಬೇರೆ ಬೇರೆ ವಿಧಾನಗಳು ಹತ್ತಿರ ಹತ್ತಿರದ ಅಂಕಿ ಕೊಟ್ಟಿರುವುದರಿಂದ ನಿಮ್ಮ ಕಡೆಯ ಮೋಹೋ ಗಟ್ಟಿ ಉತ್ತರಗಳ ಸಾಲಿಗೆ ಸೇರುತ್ತದೆ.

ಕಡಪದ ಕೆಳಗಿನ ಕಥೆ ಅಷ್ಟು ಸಲೀಸಲ್ಲ. ಅನಂತಪುರದಿಂದ ತಾಡಿಪತ್ರಿ ಕಡೆ ಬಸ್ಸಿನಲ್ಲಿ ಹೋಗಿದ್ದರೆ ನೀವು ಗಮನಿಸಿರಬಹುದು. ಗುಂಡುಗುಂಡು ಗ್ರಾನೈಟ್ ಬೆಟ್ಟಗಳು ಮುಗಿದು, ಪದರ ಪದರವಾಗಿ ಅಡ್ಡ ಮಲಗಿದ ಗುಡ್ಡಗಳು ಶುರುವಾಗುತ್ತವೆ. ಅಲ್ಲಿಂದ ಕಡಪ ಬೇಸಿನ್. ಅರ್ಧಚಂದ್ರದ ಆಕಾರ, ಸುಮಾರು 44,500 ಚದರ ಕಿ.ಮೀ. ಹಳೆಯ ಕಾಲದಲ್ಲಿ ನೆಲ ಕುಸಿಯುತ್ತಾ ಹೋದ ತಗ್ಗು ಅದು. ಅದರಲ್ಲಿ ಮರಳು, ಕೆಸರು, ಸುಣ್ಣ ಶೇಖರವಾಗಿ ಕಲ್ಲಾದವು. ನಡುವೆ ನುಗ್ಗಿ ಬಂದ ಪುಲಿವೆಂದಲದ ಕಪ್ಪು ಅಗ್ನಿಶಿಲೆಯ ಹಾಸಿಗೆ ಸುಮಾರು 188 ಕೋಟಿ ವರ್ಷ ವಯಸ್ಸು. ಅಂದರೆ ಅದರಡಿಯ ಪದರಗಳು ಅದಕ್ಕಿಂತ ಹಳೆಯವು. ನಮ್ಮ ಅಡುಗೆಮನೆಗಳ ಕಟ್ಟೆಗೆ ಹಾಕುವ ಕಡಪ ಕಲ್ಲು ಈ ಬೇಸಿನ್ನಿನ ಸುಣ್ಣದ ಕಲ್ಲೇ. ಗಂಡಿಕೋಟೆಯಲ್ಲಿ ಪೆನ್ನಾ ನದಿ ಕೊರೆದ ಕಣಿವೆಯ ಗೋಡೆಗಳೂ ಇದೇ ಬೇಸಿನ್ನಿನ ಕ್ವಾರ್ಟ್‌ಜೈಟ್, ಅಂದರೆ ಮರಳುಗಲ್ಲು ಇನ್ನೂ ಗಟ್ಟಿಯಾಗಿ ಆದ ಕಲ್ಲು.

ಪಶ್ಚಿಮದ ಅಂಚಿನಲ್ಲಿ ಪದರಗಳು ಗ್ರಾನೈಟಿನ ಮೇಲೆ ನೆಮ್ಮದಿಯಾಗಿ ಕುಳಿತು ಪೂರ್ವಕ್ಕೆ ನಿಧಾನ ವಾಲುತ್ತವೆ. ಪೂರ್ವಕ್ಕೆ ಹೋದಂತೆ ಆಳ ಹೆಚ್ಚಿ 10 ಕಿ.ಮೀ. ಆಸುಪಾಸು ಬರುತ್ತದೆ ಎಂದು ಲೆಕ್ಕ. ನಲ್ಲಮಲ ಬೆಟ್ಟಗಳಲ್ಲಿ ಅದೇ ಪದರಗಳು ಮಡಚಿ ಮುದುಡಿವೆ. ಪೂರ್ವದ ಅಂಚಿನಲ್ಲಂತೂ ನೆಲ್ಲೂರು ಕಡೆಯ ಹಳೆಯ ಬಂಡೆಗಳು ಓರೆ ಫಾಲ್ಟಿನ ಮೇಲೆ ಜಾರಿ ಬಂದು ಬೇಸಿನ್ನಿನ ಪದರಗಳ ಮೇಲೇ ಏರಿ ಕುಳಿತಿವೆ. ಹಳೆಯದು ಮೇಲೆ, ಹೊಸದು ಕೆಳಗೆ.

ಅಲೆಗಳಿಗೆ ತಲೆನೋವು ಶುರುವಾಗುವುದೇ ಇಲ್ಲಿ. ವಕ್ರೀಭವನದ ಲೆಕ್ಕ ನಡೆಯಬೇಕಾದರೆ ಕೆಳಗೆ ಹೋದಂತೆ ವೇಗ ಹೆಚ್ಚಬೇಕು. ಪೂರ್ವದಂಚಿನಲ್ಲಿ ವೇಗದ ಬಂಡೆ ಮೇಲಿದ್ದು ನಿಧಾನದ ಪದರ ಕೆಳಗೆ ಸಿಕ್ಕಿಕೊಂಡಿದೆ. ಅಂಥ ಪದರದಿಂದ ಅಲೆ ತಿರುಗಿ ಮೇಲೆ ಬರುವುದಿಲ್ಲ, ಕೆಳಗೆ ಬಾಗಿ ಹೋಗುತ್ತದೆ. ಆ ಪದರ ದಾಖಲೆಯಲ್ಲಿ ಮಾಯ. ಪಶ್ಚಿಮ ಭಾಗದಲ್ಲಿ ಕಪ್ಪು ಅಗ್ನಿಶಿಲೆಯ ಹಾಸುಗಳೂ ಇದನ್ನೇ ಮಾಡುತ್ತವೆ. ಇನ್ನೊಂದು ಕಿರಿಕಿರಿಯೂ ಇದೆ. ಇಷ್ಟು ಹಳೆಯ ಕ್ವಾರ್ಟ್‌ಜೈಟ್, ಡಾಲೊಮೈಟ್ ಒತ್ತಿ ಒತ್ತಿ ಎಷ್ಟು ಗಟ್ಟಿಯಾಗಿವೆ ಎಂದರೆ ಅವುಗಳಲ್ಲಿ ಅಲೆಯ ವೇಗ ತಳದ ಗ್ರಾನೈಟಿನ ಹತ್ತಿರಕ್ಕೇ ಬಂದಿರುತ್ತದೆ. ಎರಡರ ನಡುವೆ ವ್ಯತ್ಯಾಸ ಕಡಿಮೆ ಇದ್ದರೆ ಗಡಿ ಎಲ್ಲಿ ಎಂದು ಹೇಳುವುದು ಕಷ್ಟ.

ಮೇಲಿನ ಪದರದ ದಪ್ಪ ತಪ್ಪಿದರೆ ಕೆಳಗಿನದೂ ತಪ್ಪುತ್ತದೆ. 10 ಕಿ.ಮೀ. ದಪ್ಪದ ಪದರದಲ್ಲಿ ವೇಗ 6.2 ಎಂದುಕೊಂಡೆವು, ನಿಜಕ್ಕೂ 5.5 ಇತ್ತು ಎನ್ನಿ. ಹೋಗಿ ಬರುವ ಅಲೆಗೆ ಸುಮಾರು 0.4 ಸೆಕೆಂಡು ಹೆಚ್ಚು ಹಿಡಿಯುತ್ತದೆ. ಆ ತಡವನ್ನು ನಾವು ಮೋಹೋ ಲೆಕ್ಕಕ್ಕೆ ಹಾಕಿಬಿಟ್ಟರೆ ಮೋಹೋ ಒಂದು ಕಿಲೋಮೀಟರಿಗಿಂತ ಜಾಸ್ತಿ ಕೆಳಗೆ ಇಳಿದಂತೆ ಕಾಣುತ್ತದೆ. ಅಲ್ಲಿ ಇಳಿಜಾರೇ ಇಲ್ಲದಿರಬಹುದು. ಅದಕ್ಕೇ ಜೊತೆಗೆ ಗುರುತ್ವ ಅಳತೆಯನ್ನೂ ಇಟ್ಟುಕೊಳ್ಳುತ್ತಾರೆ. ಬೇಸಿನ್ನಿನ ನೈರುತ್ಯ ಭಾಗದಲ್ಲಿ ಗುರುತ್ವ ಎದ್ದು ಕಾಣುವಷ್ಟು ಹೆಚ್ಚಿದೆ. ಹಗುರ ಪದರಗಳು ತುಂಬಿದ ತಗ್ಗಿನಲ್ಲಿ ಅದು ಕಡಿಮೆ ಇರಬೇಕಿತ್ತು, ಅಲ್ವಾ? ಕೆಳಗೆ ಭಾರದ ಕಪ್ಪು ಅಗ್ನಿಶಿಲೆಯ ದೊಡ್ಡ ಗಡ್ಡೆ ಇದೆ ಎಂಬ ವಿವರಣೆ ಅಲ್ಲಿಂದ ಬಂದದ್ದು. ಕಾವಲಿ–ಉಡುಪಿಯ ಹಳೆಯ ದಾಖಲೆಗಳನ್ನೂ ಹಾಗೇ ಬಿಟ್ಟಿಲ್ಲ. ಮುಂದೆ ಡಿಜಿಟಲ್ ರೂಪಕ್ಕೆ ತಂದು ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಿದ್ದಾರೆ. ಸೆಕೆಂಡುಗಳು ಅವೇ. ಬದಲಾದದ್ದು ಲೆಕ್ಕ.

ಫಾಲ್ಟಿನ ಮಾತು. ಮೊದಲ ವರದಿಯಲ್ಲಿ ಈ ಸಾಲಿನ ಕೆಳಗಿನ ಭೂಕವಚವನ್ನು ಆಳದ ಫಾಲ್ಟುಗಳು ಹಲವು ತುಂಡುಗಳಾಗಿ ಕತ್ತರಿಸಿವೆ ಎಂದು ತೋರಿಸಿದ್ದರು. ದಾಖಲೆಯಲ್ಲಿ ಫಾಲ್ಟು ಗೆರೆಯಾಗಿ ಕಾಣುವುದಿಲ್ಲ. ಸಾಲಾಗಿ ಬರುತ್ತಿದ್ದ ಅಲೆ ಒಂದು ಕಡೆ ತುಂಡಾಗುತ್ತದೆ, ಆಚೆ ಸ್ವಲ್ಪ ಮೊದಲೋ ತಡವಾಗಿಯೋ ಮತ್ತೆ ಶುರುವಾಗುತ್ತದೆ. ಆ ಜಾಗದಲ್ಲಿ ತಜ್ಞರು ಓರೆ ಗೆರೆ ಎಳೆಯುತ್ತಾರೆ. ಬೇಸಿನ್ನಿನ ಪೂರ್ವದ ಫಾಲ್ಟಿನಂತೆ ನೆಲದ ಮೇಲೂ ಗುರುತು ಸಿಕ್ಕಿದರೆ ಆ ಗೆರೆಯನ್ನು ನಾನು ಪೂರ್ತಿ ನಂಬುತ್ತೇನೆ. ಮೇಲೆ ಏನೂ ಇಲ್ಲದೆ ಬರೀ ಆಳದಲ್ಲಿ, ಮೋಹೋವರೆಗೆ ನೆಟ್ಟಗೆ ಎಳೆದ ಗೆರೆಗಳನ್ನು ಅಷ್ಟೇ ನಂಬುವುದಿಲ್ಲ. ಆ ಕಾಲದಲ್ಲಿ ಹಾಗೆ ಗೆರೆ ಎಳೆಯುವುದು ಸ್ವಲ್ಪ ಜಾಸ್ತಿಯೇ ಇತ್ತು.

ಸೋವಿಯತ್ತಿನವರಿಗೇ ಇದರ ದೊಡ್ಡ ಪಾಠ ಆಯಿತು. 1970ರಲ್ಲಿ ಅವರು ರಷ್ಯಾದ ವಾಯವ್ಯ ತುದಿಯ ಕೋಲಾ ಎಂಬಲ್ಲಿ ಕೊರೆಯಲು ಶುರು ಮಾಡಿ ಕೊನೆಗೆ 12,262 ಮೀಟರ್ ಮುಟ್ಟಿದರು. ಸುಮಾರು 7 ಕಿ.ಮೀ. ಆಳದಲ್ಲಿ ಅಲೆಗಳ ವೇಗ ಬದಲಾಗುತ್ತಿತ್ತು, ಗ್ರಾನೈಟ್ ಮುಗಿದು ಬಸಾಲ್ಟ್ ಸಿಗುತ್ತದೆ ಎಂದು ಎಲ್ಲರ ಊಹೆ. ಕೊರೆದು ನೋಡಿದರೆ ಬಸಾಲ್ಟ್ ಇಲ್ಲ. ಬಿರುಕುಬಿಟ್ಟು ಒಳಗೆ ನೀರು ತುಂಬಿದ್ದ, ಅದೇ ಜಾತಿಯ ಬಂಡೆ. ಅಲೆ ಕೊಟ್ಟ ಸಮಯ ತಪ್ಪಾಗಿರಲಿಲ್ಲ. ಅದಕ್ಕೆ ಕೊಟ್ಟ ಅರ್ಥ ತಪ್ಪಾಗಿತ್ತು. ನಮ್ಮ ಕಡೆ ಅಷ್ಟು ಆಳದ ರಂಧ್ರ ಇಲ್ಲ. ಆದರೆ ನಿಮ್ಮ ಪಕ್ಕದಲ್ಲೇ ವಜ್ರಕರೂರು ಇದೆ. ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರಲ್ಲ, ಅದೇ. ಅಲ್ಲಿನ ಕಿಂಬರ್‌ಲೈಟ್ ಎಂಬ ಅಗ್ನಿಶಿಲೆಯ ಕೊಳವೆಗಳು ನೂರಕ್ಕೂ ಹೆಚ್ಚು ಕಿ.ಮೀ. ಆಳದಿಂದ ಮೇಲೆದ್ದು ಬರುವಾಗ ಮ್ಯಾಂಟಲಿನ ಚೂರುಗಳನ್ನು ಹೊತ್ತು ತಂದಿವೆ. ಪ್ರಯೋಗಾಲಯದಲ್ಲಿ ಅಂಥ ಚೂರುಗಳಲ್ಲಿ ಅಲೆಯ ವೇಗ ಅಳೆಯಬಹುದು. ಅದು 8ರ ಸುತ್ತಮುತ್ತಲೇ ಬರಬೇಕು.

ಅಪಾಯದ ಬಗ್ಗೆ: ಭೂಕವಚದಲ್ಲಿ ಫಾಲ್ಟು ಇದೆ ಎಂದ ಮಾತ್ರಕ್ಕೆ ಅದು ಈಗ ಜಾರುತ್ತಿದೆ ಎಂದಲ್ಲ. ಕಡಪದ ದೊಡ್ಡ ಫಾಲ್ಟುಗಳು ಹುಟ್ಟಿದ್ದು ಕೋಟ್ಯಂತರ ವರ್ಷ ಹಿಂದೆ. ಯಾವುದು ಈಗ ಜೀವಂತ ಎಂದು ಹೇಳುವುದು ವರ್ಷಗಟ್ಟಲೆ ಸಣ್ಣ ನಡುಕಗಳನ್ನು ದಾಖಲಿಸುವ ಕೇಂದ್ರಗಳ ಕೆಲಸ. ಮದ್ದಿನ ಸರ್ವೆ ಅದನ್ನು ಹೇಳುವುದೇ ಇಲ್ಲ.

ಬಾವಿ ಬತ್ತಿದ್ದಕ್ಕೂ ಆ ಸ್ಫೋಟಕ್ಕೂ ಸಂಬಂಧ ಕಾಣುವುದಿಲ್ಲ. ಒಂದು ರಂಧ್ರದ ಮದ್ದು ತನ್ನ ಸುತ್ತಲಿನ ಕೆಲವು ಮೀಟರ್ ಬಂಡೆಯನ್ನು ಒಡೆಯುತ್ತದೆ, ಅಷ್ಟೇ. ಆಮೇಲಿನ ವರ್ಷಗಳಲ್ಲಿ ಊರಿನ ಸುತ್ತ ಎಷ್ಟು ಬೋರು ಬಿದ್ದವು ಎಂದು ತಂದೆಯವರನ್ನೇ ಕೇಳಿ.

ಇನ್ನು ನೀರು. ಆಳದ ಸರ್ವೆಯ ಅಲೆ ಸೆಕೆಂಡಿಗೆ ಹತ್ತು ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ. ಗ್ರಾನೈಟಿನಲ್ಲಿ ಅದರ ಒಂದು ಅಲೆಯ ಉದ್ದ 600 ಮೀಟರ್, ಅಂದರೆ ಸುಮಾರು ಎರಡು ಸಾವಿರ ಅಡಿ. ನಿಮ್ಮ ಸಾವಿರ ಅಡಿ ಬೋರು ಅದರ ಅರ್ಧ. ನಿಮಗೆ ನೀರು ಕೊಡುವ ಬಿರುಕಿನ ಅಗಲವೋ ಇಂಚುಗಳಲ್ಲಿ. ಅಷ್ಟು ಉದ್ದದ ಅಲೆಗೆ ಅಷ್ಟು ಸಣ್ಣದು ಗೊತ್ತೇ ಆಗುವುದಿಲ್ಲ. ಹಾಗಾದರೆ ಚಿಕ್ಕ ಅಲೆ ಕಳಿಸಬಹುದಲ್ಲ ಎಂದು ಕೇಳಬಹುದು. ಕಳಿಸಬಹುದು, ಆದರೆ ಚಿಕ್ಕ ಅಲೆ ಬಂಡೆಯಲ್ಲಿ ಬೇಗ ಸಾಯುತ್ತದೆ. ಆಳ ಬೇಕಾದರೆ ಸೂಕ್ಷ್ಮ ಬಿಡಬೇಕು, ಸೂಕ್ಷ್ಮ ಬೇಕಾದರೆ ಆಳ ಬಿಡಬೇಕು.

ಮೇಲಿನ ನೂರು ಅಡಿಗೆ ಮಾತ್ರ ಈ ವಿಧಾನ ಉಪಯೋಗಕ್ಕೆ ಬರುತ್ತದೆ. ಮದ್ದೂ ಬೇಡ. ಕಬ್ಬಿಣದ ತಟ್ಟೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆದು, ಸಾಲಾಗಿ ಜಿಯೋಫೋನ್ ಇಟ್ಟರೆ ಕೊಳೆತ ಬಂಡೆ ಎಷ್ಟು ದಪ್ಪ, ಗಟ್ಟಿ ಬಂಡೆ ಎಲ್ಲಿಂದ ಶುರು ಎಂದು ಸಿಗುತ್ತದೆ. ಗ್ರಾನೈಟ್ ಸೀಮೆಯಲ್ಲಿ ನೀರು ಇರುವುದು ಆ ಕೊಳೆತ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕು ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಎಂಟುನೂರು ಅಡಿಯಲ್ಲಿ ಬರೀ ಧೂಳು ಬಂದರೆ ಸಾವಿರಕ್ಕೆ ಕೊರೆಯುವುದು ಲಾರಿಯವನಿಗೆ ಲಾಭ, ನಿಮಗಲ್ಲ. ಬಿರುಕಿನ ಹುಡುಕಾಟಕ್ಕೆ ವಿದ್ಯುತ್ ಹಾಯಿಸಿ ಅಳೆಯುವ ರೆಸಿಸ್ಟಿವಿಟಿ ಸರ್ವೆಯೇ ವಾಸಿ, ಯಾಕೆಂದರೆ ನೀರು ತುಂಬಿದ ಬಂಡೆಗೂ ಒಣ ಗ್ರಾನೈಟಿಗೂ ಅದರಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಕಾಣುತ್ತದೆ. ನಿಮ್ಮ ಕಡೆ ಕಪ್ಪು ಕಲ್ಲಿನ ಡೈಕುಗಳೂ ಬಹಳ. ಅವು ನೆಲದೊಳಗೆ ಗೋಡೆಯಾಗಿ ನಿಂತು ನೀರನ್ನು ಒಂದು ಬದಿಗೇ ತಡೆಯುತ್ತವೆ. ಅದಕ್ಕೇ ಒಂದು ಹೊಲದಲ್ಲಿ ಮೂರಿಂಚು ನೀರು, ಬದುವಿನಾಚೆ ಧೂಳು.

ಸರ್ವೆ ಮಾಡಿಸುವುದಾದರೆ ಒಂದೇ ಕಡೆ ಮಿಷನ್ ಇಟ್ಟು ‘ಇಲ್ಲೇ, 350 ಅಡಿಗೆ, ಎರಡಿಂಚು’ ಎನ್ನುವವರಿಗೆ ದುಡ್ಡು ಕೊಡಬೇಡಿ. ಅಷ್ಟು ಖಚಿತವಾಗಿ ಹೇಳುವ ಯಂತ್ರ ಇಲ್ಲ. ಹೊಲದ ಉದ್ದಕ್ಕೂ ಸಾಲಾಗಿ ಅಳೆಯಲಿ, ರೀಡಿಂಗ್ ಹಾಳೆ ಕೇಳಿ ಪಡೆದುಕೊಳ್ಳಿ. ಈಗಾಗಲೇ ಕೊರೆದಿರುವ ಬೋರಿನ ಲೆಕ್ಕವನ್ನೂ ಅವರಿಗೆ ಕೊಡಿ: ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಮೊದಲ ತೇವ ಎಲ್ಲಿ ಕಂಡಿತು, ಪುಡಿಯ ಬಣ್ಣ ಎಲ್ಲಿ ಬದಲಾಯಿತು. ಬತ್ತಿದ ಬೋರಿನದ್ದೂ ಬೇಕು. ಯಂತ್ರದ ಅಂಕಿಯನ್ನು ತಾಳೆ ಹಾಕಲು ಅವರಿಗೆ ನಿಮ್ಮ ಹೊಲದಲ್ಲಿ ಸಿಗುವ ಅಳೆದ ಆಳ ಅದೊಂದೇ.